ರೇಡಿಯೊದೊಳಗಿನ ಸವತಿ

ಮುಖವನ್ನೇ ನೋಡದ ಹೆಂಗಸಿನ ಮೇಲೆ ಹೊಟ್ಟೆ ಉರಿಸಿಕೊಂಡವಳು ನಾನು. ಅವಳಿರುವುದು ನಮ್ಮ ಮನೆಯವರ ಲಾರಿಯ ರೇಡಿಯೊದಲ್ಲಿ.

ನಮ್ಮ ಮಾವ ಲಾರಿ ಓಡಿಸುತ್ತಿದ್ದ ಕಾಲಕ್ಕೆ, ಚಳ್ಳಕೆರೆ ದಾಟಿದರೆ ರೇಡಿಯೊದಲ್ಲಿ ಬರೀ ಕರಕರ ಸದ್ದು. ಮರವಿಲ್ಲದ ಆ ಬಯಲಿನಲ್ಲಿ ತೂಕಡಿಕೆ ಬಾರದಿರಲೆಂದು ತಾವೇ ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದರಂತೆ. ಈಗ ಎಫ್ಎಂ ಬಂದಿದೆ. ಸುಡು ಮಧ್ಯಾಹ್ನ ಡ್ರೈವರುಗಳಿಗೆಂದೇ ಒಂದು ಕಾರ್ಯಕ್ರಮ. ಅದನ್ನು ನಡೆಸುವವಳು, "ಊಟ ಆಯ್ತಾ ಅಣ್ಣಾ? ಕಣ್ಣು ಎಳೀತಿದ್ರೆ ಗಾಡಿ ಪಕ್ಕಕ್ಕೆ ಹಾಕಿ, ಮುಖ ತೊಳ್ಕೊಳ್ಳಿ" ಎನ್ನುತ್ತಾಳೆ.

ಒಮ್ಮೆ ಚಳ್ಳಕೆರೆಯ ತವರಿಗೆ ಶೇಂಗಾ ತುಂಬಿದ ಆ ಲಾರಿಯಲ್ಲೇ ಹೊರಟೆ. ರೇಡಿಯೊದವಳು ಊಟ ಆಯ್ತಾ ಎಂದು ಕೇಳಿದ್ದೇ ತಡ, ನಮ್ಮ ಮನೆಯವರು "ಆಯ್ತವ್ವಾ, ಮುದ್ದೆ ಉಂಡೇ ಹೊಂಟೀನಿ" ಎಂದರು. ರೇಡಿಯೊಗೆ! ಅದೇ ಪ್ರಶ್ನೆ ನಾನು ಕೇಳಿದರೆ "ಹೂಂ" ಎಂದು ಮುಗಿಸುವ ಗಂಡಸು. ಮುದ್ದೆ ಮಾಡಿ ಬಡಿಸಿದವಳು ಪಕ್ಕದಲ್ಲೇ ಕೂತಿದ್ದೆ. ಮೈಯೆಲ್ಲ ಉರಿಯಿತು.

ಮೊಳಕಾಲ್ಮೂರಿನ ನಮ್ಮ ಮನೆಗೆ ಮರಳಿದ ಮೇಲೆ ಒಂದು ಮಧ್ಯಾಹ್ನ, ಸೀರೆ ನೇಯುವ ಮಗ್ಗದ ಗುಂಡಿಯಲ್ಲಿ ಕೂತೇ ಲಾಳಿ ಬದಿಗಿಟ್ಟು ಆ ಕಾರ್ಯಕ್ರಮಕ್ಕೆ ಫೋನ್ ಮಾಡಿದೆ. ಲಾರಿಯಲ್ಲಿ ನಮ್ಮ ಮನೆಯವರು ಕೇಳಲಿ, ನನಗೂ ಒಂದು ಉತ್ತರ ಕೊಡಲಿ ಎಂಬ ಆಸೆ. ಮನೆಯಲ್ಲಿ ನಾವಾಡುವುದು ತೆಲುಗು. ಅವತ್ತು ಮಾತ್ರ ಶಾಲೆಯಲ್ಲಿ ಕಲಿತ ಕನ್ನಡವನ್ನೆಲ್ಲ ಹೊರತೆಗೆದೆ. ಬೀದಿಯವರು ಆಡಿಕೊಂಡಾರೆಂದು ಊರು ನಾಯಕನಹಟ್ಟಿ ಎಂದೆ. ಕಟ್ಟಿಕೊಂಡ ಗಂಡನಿಗೆ ನನ್ನ ದನಿ ತಿಳಿಯದೇ?

"ರಸ್ತೆ ಮೇಲಿರೋರಿಗೆ ಏನಾದ್ರೂ ಹೇಳ್ತೀರಾ?" ಎಂದಳು ರೇಡಿಯೊದವಳು.

"ನಿಮ್ಮ ದಾರಿ ನೋಡುತ್ತಾ ಮನೆಯಲ್ಲಿ ಒಬ್ಬಳು ಕೂತಿರುತ್ತಾಳೆ. ನಿಧಾನವಾಗಿ ಬನ್ನಿ" ಎಂದೆ.

ಸಂಜೆ ಬಂದವರು ಎಂದಿಲ್ಲದಂತೆ ತಾವಾಗಿಯೇ ಬಾಯಿ ಬಿಟ್ಟರು. ನಮ್ಮ ತೆಲುಗಿನಲ್ಲೇ ಹೇಳಿದರು: ಇವತ್ತು ರೇಡಿಯೊದಲ್ಲಿ ನಾಯಕನಹಟ್ಟಿಯವಳು ಒಬ್ಬಳು ಮಾತಾಡಿದಳು, ಅದೆಂಥ ಮಾತು, ಅವಳ ಗಂಡ ಪುಣ್ಯವಂತ.

ನೀವೇನೆಂದಿರಿ ಎಂದು ಕೇಳಿದೆ.

"ಬರ್ತೀನವ್ವಾ, ನಿಧಾನಕ್ಕೇ ಬರ್ತೀನಿ ಅಂದೆ" ಎಂದು ಅವಳಿಗೆ ಹೇಳಿದ್ದನ್ನು ಕನ್ನಡದಲ್ಲೇ ಒಪ್ಪಿಸಿದರು. ಮುಖದಲ್ಲಿ ನಗು ಬೇರೆ. ಆ ನಗುವನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಸಾರು ಬಡಿಸಿದೆ.

ರೇಡಿಯೊದವಳ ಮೇಲಿನ ಸಿಟ್ಟು ಅವತ್ತೇ ಇಳಿಯಿತು. ಪಾಪ, ಅವಳು ಎಲ್ಲರನ್ನೂ ಕೇಳುವವಳು. ಈಗ ನನ್ನ ಹೊಟ್ಟೆಕಿಚ್ಚೆಲ್ಲ ಆ ನಾಯಕನಹಟ್ಟಿಯವಳ ಮೇಲೆ. ನಮ್ಮ ಮನೆಯವರು ಇಂದಿಗೂ ಊಟಕ್ಕೆ ಕೂತಾಗ, ಅವಳು ಮತ್ತೆ ಮಾತಾಡಲೇ ಇಲ್ಲ ಎಂದು ಪೇಚಾಡುತ್ತಾರೆ.

ಮಾತಾಡುವುದಿಲ್ಲ. ನಾನು ಬದುಕಿರುವವರೆಗೆ ಅವಳು ಬಾಯಿ ಬಿಡುವುದಿಲ್ಲ.