ಹತ್ತನೇ ತರಗತಿ ಮಲಗಿತ್ತು

ನಮ್ಮ ಶಾಲೆಯ ಡ್ರಾಯಿಂಗ್ ಮೇಡಂಗೆ ಮಕ್ಕಳಿಟ್ಟ ಹೆಸರು ಬಣ್ಣದಮ್ಮ. ಯಾವಾಗ ನೋಡಿದರೂ ಉಗುರಿನ ಸಂದಿಯಲ್ಲಿ ಬಣ್ಣ. ಅವರ ಪಿರಿಯಡ್‌ಗಳನ್ನು ಗಣಿತ, ವಿಜ್ಞಾನದವರು ಒಂದೊಂದಾಗಿ ಕಿತ್ತುಕೊಂಡಿದ್ದರು. ಹತ್ತನೇ ತರಗತಿಗೆ ಉಳಿದಿದ್ದು ಶುಕ್ರವಾರ ಊಟವಾದ ಮೇಲಿನದೊಂದೇ. ಅದು ಬೇರೆ ಯಾರಿಗೂ ಬೇಡವಾಗಿತ್ತು ಅನ್ನಿ.

ಈ ವರ್ಷ ಪ್ರಿನ್ಸಿಪಾಲರು ಹತ್ತನೆಯವರಿಗೆ ಬೆಳಕು ಹರಿಯುವ ಮೊದಲೇ ವಿಶೇಷ ತರಗತಿ ಶುರುಮಾಡಿದರು. ಸಂಜೆ ಟ್ಯೂಷನ್, ಆಮೇಲೆ ಹೋಂವರ್ಕ್. ಬೆಳೆಯುವ ಮಕ್ಕಳು ಮಲಗುವುದು ಯಾವಾಗ? ಕೇಳಿದರೆ, ಈಗಿನವರಿಗೆ ಮೈಗಳ್ಳತನ ಎಂದು ಸ್ಟಾಫ್ ರೂಮಿನಲ್ಲಿ ನಗು.

ಬಟ್ಟೆ ಹೊಲಿಯುವ ತಾಯಿಯ ಮಗಳೊಬ್ಬಳಿದ್ದಳು. ಒಂಬತ್ತನೆಯಲ್ಲಿ ನನ್ನ ಇತಿಹಾಸದ ಪಾಠದಲ್ಲಿ ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಿದ್ದವಳು, ಈಗ ಹೆಸರು ಕರೆದರೂ ಗೋಡೆ ನೋಡುತ್ತಿದ್ದಳು. ಶಾಲೆ ಬಿಟ್ಟು ಅಮ್ಮನ ಜೊತೆ ಗುಂಡಿ ಹಾಕುತ್ತೇನೆ ಎಂದು ಹಟ. ಓದು ಕಷ್ಟವಾ ಎಂದರೆ, ಕಷ್ಟವಲ್ಲ, ಯಾವುದೂ ಬೇಡ ಅನ್ನಿಸುತ್ತೆ ಎಂದಳು.

ಬಣ್ಣದಮ್ಮ ಬುದ್ಧಿ ಹೇಳಲಿಲ್ಲ. ಶುಕ್ರವಾರ ಅರ್ಧ ತರಗತಿಯನ್ನು ಮಲಗಿಸಿದರು; ಉಳಿದರ್ಧ ಮಲಗಿದವರ ಚಿತ್ರ ಬರೆಯಬೇಕು. ಮುಂದಿನ ವಾರ ಅದಲುಬದಲು. ಆ ಹುಡುಗಿ ಮಾತ್ರ ಎರಡು ವಾರವೂ ಮಲಗಿದ್ದಳು. ಯಾರೂ ಎಬ್ಬಿಸಲಿಲ್ಲ.

ಪೋಷಕರ ಸಭೆಯ ದಿನ ಕಾರಿಡಾರಿನ ಗೋಡೆ ತುಂಬ ಆ ಚಿತ್ರಗಳು. ತೆರೆದ ಬಾಯಿ, ಡೆಸ್ಕಿಗೆ ಅಮುಕಿದ ಕೆನ್ನೆ, ಕಣ್ಣಿನ ಕೆಳಗೆ ಪೆನ್ಸಿಲ್ ಒತ್ತಿ ಒತ್ತಿ ತೀಡಿದ ಕಪ್ಪು. ನಮ್ಮವನ ಗೊರಕೆಯೊಂದು ಬಿಟ್ಟುಹೋಗಿದೆ ಎಂದು ಒಬ್ಬ ಅಪ್ಪ ನಗಿಸಿದರು. ಗೋಡೆಯ ಕೊನೆ ಮುಟ್ಟುವಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ.

ಪ್ರಿನ್ಸಿಪಾಲರು ಬಂದು, ಶಾಲೆಯ ಮಾನ ಹರಾಜು ಹಾಕಿದಿರಿ, ಇದೆಲ್ಲ ಈಗಲೇ ತೆಗೆಯಿರಿ ಎಂದರು.

"ತೆಗೀತೀನಿ ಸರ್. ನೀವು ಬೆಳಗಿನ ಕ್ಲಾಸ್ ತೆಗೀರಿ" ಎಂದರು ಬಣ್ಣದಮ್ಮ.

ಪ್ರಿನ್ಸಿಪಾಲರು ಕ್ಲಾಸ್ ತೆಗೆಯಲಿಲ್ಲ. ಜವಾನನಿಂದ ಚಿತ್ರ ಕೀಳಿಸಿದರು. ಶುಕ್ರವಾರದ ಪಿರಿಯಡ್ಡೂ ಗಣಿತಕ್ಕೆ ಹೋಯಿತು. ಮಕ್ಕಳ ನಿದ್ದೆ ಕಿತ್ತುಕೊಳ್ಳುವಾಗ ಹೋಗದ ಮಾನ, ಅದನ್ನು ಗೋಡೆಗೆ ಅಂಟಿಸಿದಾಗ ಹೋಯಿತಂತೆ.

ಬಟ್ಟೆ ಹೊಲಿಯುವ ಆ ತಾಯಿ ಮಾತ್ರ ಮಗಳ ಚಿತ್ರವನ್ನು ಜವಾನನ ಕೈಯಿಂದ ಕೇಳಿ ಪಡೆದರು. ಕಣ್ಣಿನ ಕೆಳಗಿನ ಕಪ್ಪನ್ನು ಬೆರಳಿಂದ ಒರೆಸಿ ನೋಡಿ, ಬಣ್ಣದಮ್ಮನ ಕಡೆ ತಿರುಗಿದರು.

"ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸ್ತಿದ್ದೋಳು ನಾನೇ ಮೇಡಂ. ನಾಳೆಯಿಂದ ಎಬ್ಬಿಸಲ್ಲ. ಯಾರು ಏನಾದ್ರೂ ಅಂದ್ಕೊಳ್ಳಲಿ."

ಈಗ ಆ ಹುಡುಗಿ ಬೆಳಗಿನ ಕ್ಲಾಸ್ ಬಿಟ್ಟು, ಬೆಲ್ ಹೊಡೆಯುವ ಹೊತ್ತಿಗೆ ಬರುತ್ತಾಳೆ. ನಿನ್ನೆ ಪಾಠದ ನಡುವೆ ಕೈ ಎತ್ತಿ, ಬೋರ್ಡಿನ ಮೇಲೆ ನಾನು ಬರೆದ ಇಸವಿ ತಪ್ಪೆಂದಳು. ತಪ್ಪೇ ಆಗಿತ್ತು. ಇವಳು ಹೇಳಿದ್ದು ಸರಿಯಾ ಎಂದು ಉಳಿದವರನ್ನು ಕೇಳಿದೆ. ಅವಳ ಹಿಂದಿನ ಬೆಂಚುಗಳೆಲ್ಲ ತೂಕಡಿಸುತ್ತಿದ್ದವು.