ಗೊತ್ತಿಲ್ಲದವರಂತೆ ಇದ್ದ ಅಮ್ಮ

ಕಳೆದ ವಾರ ತಿರುವನಂತಪುರದ ಚಾಲ ಮಾರುಕಟ್ಟೆಗೆ ತೆಂಗಿನೆಣ್ಣೆ ತರಲು ಹೋದವಳು ಪಕ್ಕದ ಅಂಗಡಿಯ ಮುಂದೆ ನಿಂತುಬಿಟ್ಟೆ. ಒಳಗೆ ಕಾಫಿಬೀಜ ಪುಡಿಯಾಗುತ್ತಿತ್ತು. ಆ ಘಮ ಮೂಗಿಗೆ ಬಡಿದರೆ ಬೇರೆಯವರಿಗೆ ಬೆಳಗಿನ ತಿಂಡಿ ನೆನಪಾಗುತ್ತದೆ. ನನಗೆ ನೆನಪಾಗುವುದು ಆಲುವದ ಒಂದು ಕೋಣೆ, ಮಂಚದ ಕೆಳಗಿನ ಸ್ಟೀಲಿನ ತಟ್ಟೆ, ಅದರ ತುಂಬ ಹರಡಿದ ಕಾಫಿಪುಡಿ… ಎಷ್ಟು ಬೇಕೆಂದು ಅಂಗಡಿಯವನು ಕೇಳಿದಾಗಲೇ ನನಗೆ ಎಚ್ಚರ. ಬೇಡದಿದ್ದರೂ ಸ್ವಲ್ಪ ಕಟ್ಟಿಸಿಕೊಂಡು ಬಂದೆ.

ಆಗ ನಾನು ಕಳಮಶ್ಶೇರಿಯಲ್ಲಿ ಸಮಾಜಕಾರ್ಯ ಓದುತ್ತಿದ್ದೆ. ಅರ್ಧ ವಾರ ತರಗತಿ, ಅರ್ಧ ವಾರ ಫೀಲ್ಡ್‌ವರ್ಕ್. ಗೆಳತಿಯರಿಗೆ ಶಾಲೆಯೋ ಕಾರ್ಖಾನೆಯೋ ಸಿಕ್ಕಿತು. ನನ್ನ ಪಾಲಿಗೆ ಬಂದದ್ದು ಪ್ಯಾಲಿಯೇಟಿವ್ ಕೇರ್, ಅಂದರೆ ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ ನೋವು ಕಡಿಮೆ ಮಾಡುವ ತಂಡ. ನರ್ಸ್ ಗಾಯ ತೊಳೆಯಬೇಕು, ನಾನು ಕೂತು ಮಾತಾಡಬೇಕು. ಮಾತಾಡುವುದನ್ನೂ ಕಾಲೇಜಿನಲ್ಲಿ ಕಲಿಸುತ್ತಾರೆಂಬುದು ಕಾಸರಗೋಡಿನಲ್ಲಿದ್ದ ನನ್ನ ಅಪ್ಪನಿಗೆ ದೊಡ್ಡ ತಮಾಷೆಯಾಗಿತ್ತು. "ಅದು ನಿನಗೆ ಹುಟ್ಟಾ ಬರ್ತದಲ್ಲ!" ಎನ್ನುತ್ತಿದ್ದರು.

ನಮ್ಮ ಮೇಲ್ವಿಚಾರಕಿಯನ್ನು ನಾವೆಲ್ಲ ಚೇಚಿ ಎಂದೇ ಕರೆಯುತ್ತಿದ್ದೆವು, ಅಲ್ಲಿ ಅಕ್ಕನಿಗೆ ಹಾಗೆನ್ನುತ್ತಾರೆ. ಒಂದು ದಿನ ಆಕೆ ನನ್ನನ್ನು ಕರೆದು, ಆಲುವದಲ್ಲಿ ನಿಮ್ಮ ಊರಿನ ದಂಪತಿ ಇದ್ದಾರೆ, ನಮ್ಮ ಜತೆ ಮಲಯಾಳ ಮಾತಾಡುತ್ತಾರೆ, ತಮ್ಮೊಳಗೆ ಕನ್ನಡ, ಅವರ ನಡುವೆ ಏನಿದೆಯೋ ನಮಗೊಂದೂ ತಿಳಿಯುವುದಿಲ್ಲ, ನೀನು ಹೋಗಿ ಬಾ ಎಂದರು.

ಆ ಮನೆಯ ಯಜಮಾನರು ಎರ್ನಾಕುಳಂನಲ್ಲಿ ಸರ್ಕಾರಿ ವಕೀಲರಾಗಿದ್ದು ನಿವೃತ್ತರಾದವರು. ಗೇಟಿನಲ್ಲೇ ನನ್ನನ್ನು ತಡೆದರು. ಕನ್ನಡ ಕೇಳಿ ಮುಖ ಅರಳಿತು, ಆದರೆ ದನಿ ತಗ್ಗಿತು. "ಅವಳಿಗೆ ಗೊತ್ತಿಲ್ಲ. ಸಕ್ಕರೆ ಕಾಯಿಲೆಗೆ ಒಣಗದ ಕುರು ಅಂತ ಹೇಳಿದ್ದೇನೆ. ನೀವು ಬಾಯಿ ತಪ್ಪಿಯೂ ಹೇಳ್ಲಿಕ್ಕಿಲ್ಲ, ಆಯ್ತಾ?"

ಅದು ಕುರುವಲ್ಲ. ಎದೆಯ ಕ್ಯಾನ್ಸರ್ ಹುಣ್ಣಾಗಿ ಒಡೆದಿತ್ತು. ಅದರ ವಾಸನೆ ಹೀರಿಕೊಳ್ಳಲೆಂದು ನರ್ಸ್ ಹೇಳಿದ ಉಪಾಯ ಆ ಕಾಫಿಪುಡಿಯ ತಟ್ಟೆ. ಹೆಂಡತಿಗೆ ಮಾತ್ರ ವಕೀಲರು, "ಅದು ಇರುವೆ ಬಾರದ ಹಾಗೆ" ಎಂದಿದ್ದರು. ನಮ್ಮ ವ್ಯಾನಿನ ಮೇಲೆ ತಂಡದ ಹೆಸರು ಇಂಗ್ಲಿಷಿನಲ್ಲಿ ಬರೆದಿದ್ದರಿಂದ ಅದನ್ನು ಮೆಟ್ರೋ ಕಂಬಗಳ ಆಚೆ ನಿಲ್ಲಿಸಿ ನಡೆದು ಬರಬೇಕು. ಆಸ್ಪತ್ರೆಯ ಇಂಗ್ಲಿಷ್ ಕಾಗದಗಳೆಲ್ಲ ಬೀರುವಿನಲ್ಲಿ, ಬೀಗದ ಕೈ ಅವರ ಜೇಬಿನಲ್ಲಿ. ಮದುವೆಗೆ ಮುಂಚೆ ಆಕೆ ಊರಿನ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವರು, ಇಂಗ್ಲಿಷ್ ಓದಬಲ್ಲವರು. ಇಷ್ಟೆಲ್ಲ ಮುಂದಾಲೋಚನೆ ಇದ್ದ ಮನುಷ್ಯ, ನರ್ಸಿನ ಚೀಲವನ್ನು ಮಾತ್ರ ಮಂಚದ ಪಕ್ಕವೇ ಇಡಲು ಬಿಡುತ್ತಿದ್ದರು. ಅದರ ಮೇಲೆ ಅಂಗೈಯಗಲದ ಮಲಯಾಳ ಅಕ್ಷರದಲ್ಲಿ ಕ್ಯಾನ್ಸರ್ ಎಂಬ ಪದವೂ ಸೇರಿ ಎಲ್ಲವೂ ಬರೆದಿತ್ತು. ಹೆಂಡತಿಗೆ ಮಲಯಾಳ ಓದಲು ಬಾರದೆಂದು ಅವರ ಲೆಕ್ಕ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಹಾಗಿತ್ತು.

ಆ ಅಮ್ಮ… ಸಣ್ಣ ದೇಹ, ನೋವಿನಲ್ಲೂ ಬೈತಲೆ ತೆಗೆದು ಬಾಚಿದ ತಲೆ. ನನ್ನನ್ನು ಕಂಡಾಗೆಲ್ಲ ಮೊದಲು ಕೇಳುತ್ತಿದ್ದುದು ಹಾಸ್ಟೆಲಿನ ಊಟ. "ಪುಟ್ಟು ಕಡಲೆ ತಿಂದು ತಿಂದು ಬೇಜಾರು ಬಂತಾ ಮಾರಾಯ್ತಿ?" ಎಂದು ನಗುತ್ತಿದ್ದರು. ಒಂದು ಮಧ್ಯಾಹ್ನ ವಕೀಲರು ನನಗೆ ಕಾಫಿ ಮಾಡಲು ಒಳಗೆ ಹೋದಾಗ ಆ ಚೀಲದ ಮೇಲೆ ಬೆರಳಾಡಿಸುತ್ತ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಇಡೀ ಸಾಲನ್ನು ಓದಿಬಿಟ್ಟರು.

"ಮಗಳನ್ನು ಶಾಲೆಗೆ ಬಿಡ್ಲಿಕ್ಕೆ ಹೋಗುವಾಗ ಬಸ್ಸಿನ ಬೋರ್ಡು ನೋಡಿ ಕಲ್ತದ್ದು. ಇವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಗಂಡ ಚಾಪೆ ಕೆಳಗೆ ತೂರಿದರೆ ಆಕೆ ರಂಗೋಲಿ ಕೆಳಗೆ ತೂರಿದ್ದರು. ಅವರಿಗೆ ಹೇಳಬಹುದಲ್ಲ ಅಮ್ಮ, ಎಂದೆ.

"ಕೋರ್ಟಿಲ್ಲ, ಆಫೀಸಿಲ್ಲ. ನನ್ನಿಂದ ಮುಚ್ಚಿಡುವುದೇ ಈಗ ಅವರಿಗೆ ಕೆಲಸ. ಗೊತ್ತುಂಟು ಅಂದ್ರೆ ಮತ್ತೆ ಅವರು ಎಂತ ಮಾಡ್ಬೇಕು? ಎದುರು ಕೂತು ಅಳುವುದಾ? ಅದು ನನ್ನಿಂದ ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ. ನೀನು ಅವರಿಗೆ ಹೇಳ್ಬಾರ್ದು ಮಗೂ."

ಅಡುಗೆಮನೆಯ ಕಡೆ ನೋಡಿ ಮತ್ತೆ ಹೇಳಿದರು. "ದಿನಾ ಎಂತದೋ ಹೇಳ್ಲಿಕ್ಕೆ ಅಂತ ಬಾಗಿಲವರೆಗೆ ಬರ್ತಾರೆ. ಮತ್ತೆ ಕಾಫಿ ಬೇಕಾ ಕೇಳಿ ವಾಪಸ್ ಹೋಗ್ತಾರೆ. ಎಂತ ಅಂತ ಕೇಳ್ಬೇಕು ಅಂತ ನನಗೂ ಆಸೆ ಉಂಟು."

ಹೀಗೆ ಗಂಡನ ಗುಟ್ಟು ಒಂದು ಕಿವಿಯಲ್ಲಿ, ಹೆಂಡತಿಯ ಗುಟ್ಟು ಇನ್ನೊಂದರಲ್ಲಿ ಹೊತ್ತುಕೊಂಡು ನಾನು ಹಾಸ್ಟೆಲಿಗೆ ಬಂದೆ. ಚೇಚಿಗೆ ಎಲ್ಲ ಹೇಳಿದೆ. ನಮ್ಮ ಕೆಲಸದಲ್ಲಿ ಮನೆಯವರಲ್ಲಿ ಒಬ್ಬರು ಹೇಳಿದ್ದನ್ನು ಅದೇ ಮನೆಯ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಅವರ ಬಾಯಿಂದಲೇ ಅದು ಬರಬೇಕು, ನಾವು ಹತ್ತಿರ ಕೂತಿರಬೇಕು, ಅಷ್ಟೆ. ಮುಂದಿನ ಗುರುವಾರ ಚೇಚಿಯೇ ಬರುವುದೆಂದಾಯಿತು. ಇಬ್ಬರನ್ನೂ ಜತೆಗೆ ಕೂರಿಸಿ, ನಿಮ್ಮ ಮನಸ್ಸಿನಲ್ಲಿ ಏನು ಭಯವಿದೆ ಎಂದು ಮೆಲ್ಲನೆ ಕೇಳುವುದು. ಅಂಥ ಎಷ್ಟೋ ಮನೆಗಳಲ್ಲಿ ಆಕೆ ಹಾಗೆ ಕೇಳಿದ್ದರು, ಅತ್ತು ಹಗುರಾದವರನ್ನು ನಾನೇ ಕಂಡಿದ್ದೆ. ನನಗೆ ಧೈರ್ಯ ಬಂತು. ಆ ವಾರವೆಲ್ಲ ಖುಷಿಯಲ್ಲೇ ಇದ್ದೆ ಎಂದರೆ ತಪ್ಪಲ್ಲ.

ಮಂಗಳವಾರ ಬೆಳಿಗ್ಗೆ ಆಕೆ ಹೋಗಿಬಿಟ್ಟರು. ಗಾಯದಿಂದ ರಕ್ತ ಹರಿಯಿತಂತೆ, ನಿಲ್ಲಲಿಲ್ಲವಂತೆ… ಗುರುವಾರ ಎಂಬುದು ಎಷ್ಟು ದೂರದ ದಿನ ಎಂದು ನನಗೆ ಅವತ್ತು ಗೊತ್ತಾಯಿತು.

ಸಾವಿನ ನಂತರವೂ ಒಮ್ಮೆ ಮನೆಗೆ ಹೋಗುವುದು ನಮ್ಮ ಪದ್ಧತಿ. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಹೋದೆ. ತಟ್ಟೆ ಇರಲಿಲ್ಲ, ಆದರೂ ಕೋಣೆಯಲ್ಲಿ ಕಾಫಿಯ ವಾಸನೆ ಇನ್ನೂ ಇತ್ತು. ವಕೀಲರು ನನ್ನನ್ನು ಕೂರಿಸಿ, ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವವರಂತೆ ನೇರವಾಗಿ ಕೇಳಿದರು.

"ನಿಮ್ಮ ಹತ್ರ ಅವಳು ತುಂಬ ಮಾತಾಡ್ತಿದ್ದಳು. ಅವಳಿಗೆ ಗೊತ್ತಿರ್ಲಿಲ್ಲ ಅಲ್ವಾ?"

ಹೇಳಬಾರದು ಎಂದಿದ್ದವರು ಈಗ ಇಲ್ಲ. ಆದರೆ ಅವರ ಮಾತು ಇತ್ತು. ಇಲ್ಲ ಸರ್, ಗೊತ್ತಿರಲಿಲ್ಲ, ಎಂದೆ.

ಅವರು ತಲೆಯಾಡಿಸಿದರು. ಗೆದ್ದವರ ಸಮಾಧಾನ ಒಂದು ಗಳಿಗೆ ಮುಖದಲ್ಲಿ ಬಂತು. ಮರುಗಳಿಗೆಯಲ್ಲಿ ಆ ದೊಡ್ಡ ಮನುಷ್ಯ ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡರು.

"ಅವಳ ಟೀಚರ್ ಕೆಲಸ ಬಿಡಿಸಿ ಇಲ್ಲಿಗೆ ಕರ್ಕೊಂಡು ಬಂದದ್ದು ನಾನು. ತಪ್ಪಾಯ್ತು ಅಂತ ಒಮ್ಮೆ ಹೇಳ್ಬೇಕಿತ್ತು. ದಿನಾ ಹೇಳುವ ಅಂತ ಹೋಗ್ತಿದ್ದೆ. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಹೇಳ್ತೀರಿ ಅಂತ ಅವಳು ಕೇಳಿದ್ರೆ? ಸಂಶಯ ಬಂದೇ ಬರ್ತದೆ. ಅದಕ್ಕೆ ಹೇಳ್ಲಿಲ್ಲ."

ಬಾಗಿಲಿನ ಈಚೆ ಕಾದು ಮಲಗಿದ್ದ ಆಕೆಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಕೇಳಿಸಿಕೊಂಡು ಆ ಮನುಷ್ಯ ಹೇಗೆ ಬದುಕಬೇಕಿತ್ತು? ಅವರ ಕೈಹಿಡಿದು ಕೂತೆ, ಅಷ್ಟೆ.

ಓದು ಮುಗಿದು ನಾನು ತಿರುವನಂತಪುರಕ್ಕೆ ಬಂದೆ. ಈಗ ಇಲ್ಲಿ ಇಂಥದೇ ತಂಡದಲ್ಲಿ ಇದ್ದೇನೆ, ಫೀಲ್ಡ್‌ವರ್ಕಿಗೆ ಬರುವ ಹುಡುಗಿಯರಿಗೆ ನಾನೇ ಚೇಚಿ. ವಕೀಲರೂ ಮುಂದೆ ಆಲುವದ ಮನೆ ಬಿಟ್ಟು ಇಲ್ಲಿಯ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಮಗಳ ಜತೆ ಬಂದು ಇದ್ದರು. ಹಬ್ಬಕ್ಕೆ ಫೋನ್ ಮಾಡುತ್ತಿದ್ದರು. ಪ್ರತಿ ಸಲವೂ ಕೊನೆಗೆ ಒಂದೇ ಮಾತು, "ಅವಳು ಏನೂ ತಿಳಿಯದೆ ನೆಮ್ಮದಿಯಲ್ಲಿ ಹೋದಳು." ನಾನು ಹೂಂಗುಟ್ಟುತ್ತಿದ್ದೆ. ಕಳೆದ ತಿಂಗಳು ಅವರೂ ಹೋದರು.

ಮಾರುಕಟ್ಟೆಯಿಂದ ಬಂದ ಸಂಜೆ ಅವರ ಮಗಳನ್ನು ನೋಡಿ ಬರೋಣವೆಂದು ಹೋದೆ. ಎರ್ನಾಕುಳಂ ಕಡೆಯೇ ಬೆಳೆದ ಹುಡುಗಿ. ಕನ್ನಡ ಪೂರಾ ಅರ್ಥವಾಗುತ್ತದೆ, ಆದರೆ ಉತ್ತರ ಯಾವತ್ತೂ ಮಲಯಾಳದಲ್ಲೇ. ಅಪ್ಪನ ಬಗ್ಗೆ ಬಹಳ ಹೊತ್ತು ಹೇಳಿದಳು. ಏಳುವ ಹೊತ್ತಿಗೆ ತಡೆದು, ಅಮ್ಮನಿಗೆ ನಿಜವಾಗಿ ಏನೂ ಗೊತ್ತಿರಲಿಲ್ಲವೇ ಚೇಚಿ ಎಂದು ಕೇಳಿದಳು.

ಗಂಡನಿಗೆ ಹೇಳಬಾರದೆಂದು ಆಕೆ ಕೇಳಿಕೊಂಡಿದ್ದು. ಆ ಗಂಡನೂ ಈಗ ಇಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅಪ್ಪ ಬಾಗಿಲವರೆಗೆ ಬಂದು ಹಿಂದಿರುಗುತ್ತಿದ್ದುದು, ಹೇಳದೆ ಉಳಿಸಿಕೊಂಡ ಮಾತು, ಅಮ್ಮ ಅದಕ್ಕಾಗಿ ಕಾಯುತ್ತಿದ್ದುದು, ಎಲ್ಲ.

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಆ ಹುಡುಗಿಯ ಬಾಯಲ್ಲಿ ನಾನು ಮೊದಲ ಸಲ ಕೇಳಿದ ಕನ್ನಡದಲ್ಲಿ, ತಡವರಿಸುತ್ತ ಹೇಳಿದಳು.

"ಹಾಗಾದ್ರೆ ಅವರು ಇಬ್ರೂ ಮಾತಾಡ್ಬಹುದಿತ್ತು."

ಹೌದು, ಎಂದೆ. ಮಾತಾಡಬಹುದಿತ್ತು…