ಮುಚ್ಚಳದ ಹಿಂದಿನ ತಜ್ಞ

"ಸಾ, ಕ್ಯಾಮರಾ ಮುಂದ್ಲ ಮುಚ್ಚಳ ಯಾವಾಗ ತಗೀತೀರಿ?" ಎಂದು ಪುಟ್ಟಮ್ಮ ಕೇಳುವ ಹೊತ್ತಿಗೆ ನನ್ನ ರೀಲಿನ ಮೂವತ್ತಾರೂ ಫೋಟೊ ಮುಗಿದಿದ್ದವು.

ಹಂಗಳ ಎಂಬ ಹಳ್ಳಿಯ ಹೊಲದಲ್ಲಿ ಚೆಂಡು ಹೂ ಬಿಡಿಸುತ್ತಿದ್ದ ಅವರನ್ನು ನಿಲ್ಲಿಸಿಕೊಂಡು, ನನ್ನ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾದ ಮಹಿಮೆ ಕೊರೆದಿದ್ದೆ. ಇದರಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಪುಟ್ಟ ಕಿಟಕಿಯಿಂದ ನೋಡುತ್ತೇವೆ; ಮೊಬೈಲಿನವರಿಗೆ ಈ ಸೂಕ್ಷ್ಮವೆಲ್ಲ ಎಲ್ಲಿ ಅರ್ಥವಾಗಬೇಕು ಎಂದೂ ಸೇರಿಸಿದ್ದೆ. ಆ ಕಿಟಕಿಯ ದೊಡ್ಡ ಅನುಕೂಲವೆಂದರೆ, ಲೆನ್ಸಿಗೆ ಮುಚ್ಚಳ ಹಾಕಿದ್ದರೂ ಲೋಕ ಸ್ಪಷ್ಟವಾಗಿ ಕಾಣುತ್ತದೆ. ಪಾಪ, ಪುಟ್ಟಮ್ಮ ಸೆರಗು ಸರಿಮಾಡಿಕೊಂಡು, ನಾನು ಹೇಳಿದ ಕಡೆಗೆಲ್ಲ ತಿರುಗುತ್ತಾ ಒಂದು ಗಂಟೆ ಬಿಸಿಲಲ್ಲಿ ನಿಂತಿದ್ದರು.

"ಮೊದ್ಲೇ ಹೇಳ್ಬಾರ್ದಿತ್ತಾ ಅಕ್ಕ?" ಎಂದು ರೇಗಿದೆ.

"ನಾನೇನ್ ಕಂಡೀನಿ ಸಾ? ನೀವು ತಿಳ್ದೋರು, ಅದು ಅಂಗೇ ಇರ್ಬೇಕೇನೋ ಅಂತ ಸುಮ್ಕಿದ್ಬುಟ್ಟೆ."

ಇನ್ನೊಂದು ರೀಲು ತಂದಿರಲಿಲ್ಲ. ಆ ದಿನದ ಒಂದೇ ಒಂದು ಫೋಟೊ ಪುಟ್ಟಮ್ಮನ ಮೊಬೈಲಿನಲ್ಲಿದೆ. ನಾನು ಫೋಕಸ್ ಸರಿಮಾಡುತ್ತಿದ್ದಾಗ ಅವರು ತೆಗೆದದ್ದು: ಹೂವಿನ ನಡುವೆ ಒಂದು ಕಣ್ಣು ಮುಚ್ಚಿಕೊಂಡು, ಮುಚ್ಚಳ ಹಾಕಿದ ಕ್ಯಾಮೆರಾದೊಳಗೆ ಇಣುಕುತ್ತಿರುವ ನಾನು. ಬಲು ಚೆನ್ನಾಗಿ ಬಂದಿದೆ.